ಕೆಲಸ ಬಿಡೋದಾ, ಇರೋದಾ? ರಾಜೀನಾಮೆಗೆ ಮುಂಚೆ ಪಿಎಫ್ ಪೋರ್ಟಲ್ ಎಷ್ಟು ಉಪಯೋಗ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಗಿಣಿಗೇರಿ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳು, ಸಂಡೂರಿನ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರ, ಎಲ್ಲೇ ಇರಲಿ, ಈ ಕೆಲಸ ಸಾಕಪ್ಪಾ ಎನ್ನುವವರು ಮೊದಲು ವಿಚಾರಿಸುವುದು ಹೊಸ ಕಡೆ ಆಗಲೇ ಸೇರಿಕೊಂಡಿರುವ ಊರಿನವರನ್ನು. ‘ಹೆಂಗೈತಿ ಅಲ್ಲಿ?’ ‘ಚಲೋ ಐತಿ, ಬಾ.’ ಅಲ್ಲಿಗೆ ವಿಚಾರಣೆ ಮುಗಿಯಿತು. ಆದರೆ ಎರಡೂ ಕೆಲಸಗಳ ಬಗ್ಗೆ ಯಾರ ದಾಕ್ಷಿಣ್ಯವೂ ಇಲ್ಲದೆ ಮಾತಾಡುವ ಒಂದು ಸರ್ಕಾರಿ ಸೇವೆ ಪುಕ್ಕಟೆಯಾಗಿ ಫೋನಿನಲ್ಲೇ ಇದೆ. ಅದು ಭವಿಷ್ಯ ನಿಧಿ ಸಂಘಟನೆಯ, ಅಂದರೆ ಇಪಿಎಫ್‌ಒದ ಸದಸ್ಯರ ಪೋರ್ಟಲ್. ಹೆಚ್ಚಿನವರು ದುಡ್ಡು ತೆಗೆಯುವಾಗ ಮಾತ್ರ ಅದನ್ನು ತೆರೆಯುತ್ತಾರೆ. ಕೆಲಸ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಅದು ಎಷ್ಟರ ಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ.

ಪಾಸ್‌ಬುಕ್: ಈಗಿನ ಕೆಲಸದ ಅಸಲಿ ಲೆಕ್ಕ

12 ಅಂಕಿಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ), ಪಾಸ್‌ವರ್ಡ್, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ, ಇಷ್ಟಿದ್ದರೆ ಪಾಸ್‌ಬುಕ್ ತೆರೆಯುತ್ತದೆ. ಹೊಸದಾಗಿ ನೋಂದಾಯಿಸಿದವರಿಗೆ ಕೂಡಲೇ ಕಾಣದು, ಸುಮಾರು 6 ಗಂಟೆ ಕಾಯಬೇಕು. ತಿಂಗಳಿಗೊಂದು ಸಾಲು, ಸಾಲಿನಲ್ಲಿ ಮೂರು ಮೊತ್ತ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ಪಾಲು.

ನೌಕರರ ಪಾಲು ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತದ ಶೇ 12. ಅಲ್ಲಿ 1,440 ಎಂದಿದ್ದರೆ ನಿಮ್ಮ ಪಿಎಫ್ ಪಗಾರ 12,000. ಮಾಲೀಕರೂ 1,440 ಕಟ್ಟುತ್ತಾರೆ. ಅದರಲ್ಲಿ ಶೇ 8.33ರ ಲೆಕ್ಕದ 1,000 ರೂಪಾಯಿ ಪಿಂಚಣಿಗೆ ಹೋಗಿ, ಉಳಿದ 440 ನಿಮ್ಮ ಪಿಎಫ್‌ಗೆ ಸೇರುತ್ತದೆ. ಪಿಂಚಣಿಗೆ ಹೋಗುವ ಪಾಲು 15,000 ರೂಪಾಯಿ ಪಗಾರದ ಮಿತಿಗೆ ಕಟ್ಟುಬಿದ್ದಿರುವುದರಿಂದ 1,250 ದಾಟುವುದಿಲ್ಲ. ಈ ಮಿತಿ 2014ರ ಸೆಪ್ಟೆಂಬರ್‌ನಿಂದ ಹಾಗೇ ಇದೆ.

ಓವರ್‌ಟೈಮ್ ಹಣಕ್ಕೆ ಪಿಎಫ್ ಹಿಡಿಯುವುದಿಲ್ಲ. ಹಾಗಾಗಿ ಬ್ಯಾಂಕಿಗೆ ಬರುವ ಪಗಾರಕ್ಕೂ ಪಾಸ್‌ಬುಕ್ಕಿನ ಪಗಾರಕ್ಕೂ ಇರುವ ಅಂತರವೇ ನಿಮ್ಮ ದಣಿವಿನ ಅಳತೆ. ಕಡಿತಕ್ಕೆ ಮುಂಚೆ ತಿಂಗಳಿಗೆ 22,000 ಬರುತ್ತಿದೆ, ಅದರಲ್ಲಿ ಮೂಲವೇತನ 12,000, ಉಳಿದ 10,000 ಪೂರ್ತಿ ಓಟಿ ಎಂದುಕೊಳ್ಳಿ. 12,000ವನ್ನು 26 ದಿನ, 8 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 58 ರೂಪಾಯಿ. ಓಟಿಗೆ ದುಪ್ಪಟ್ಟು, ಅಂದರೆ 115. ಹತ್ತು ಸಾವಿರ ದುಡಿಯಲು 87 ಗಂಟೆ ಬೇಕು. ದಿನಕ್ಕೆ ಮೂರು ಗಂಟೆಗೂ ಮಿಕ್ಕಿ ಹೆಚ್ಚುವರಿ ಕೆಲಸ, ತಿಂಗಳಿಡೀ. ಓಟಿ ಗಂಟೆ ಇದಕ್ಕಿಂತ ಜಾಸ್ತಿ ಆಗುತ್ತಿದ್ದರೆ ನಿಮಗೆ ದುಪ್ಪಟ್ಟು ದರ ಸಿಗುತ್ತಿಲ್ಲ ಎಂದರ್ಥ. ಅದು ಬೇರೆಯೇ ತಕರಾರು.

ಈಗ ಹೊಸ ಕಡೆ ಓಟಿ ಇಲ್ಲದೆ 17,000 ಮೂಲವೇತನ ಕೊಡುತ್ತೇವೆ, ಪೂರ್ತಿ ಮೊತ್ತಕ್ಕೆ ಪಿಎಫ್ ಕಟ್ಟುತ್ತೇವೆ ಎನ್ನುತ್ತಾರೆ ಅನ್ನಿ. ಪಿಎಫ್ 2,040 ಹೋಗಿ ಕೈಗೆ 14,960. ಹಳೆಯ ಕಡೆ ಪಿಎಫ್ 1,440 ಹೋಗಿ 20,560. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯ ಕಡಿತವನ್ನು ಎರಡೂ ಕಡೆ ಬಿಟ್ಟು ಹಾಕಿದ ಲೆಕ್ಕ ಇದು. ಮೇಲ್ನೋಟಕ್ಕೆ ತಿಂಗಳಿಗೆ 5,600 ನಷ್ಟ. ಗಂಟೆಗೆ ಹಂಚಿ ನೋಡಿ. ಹಳೆಯ ಕಡೆ 295 ಗಂಟೆಗೆ 20,560, ಅಂದರೆ ಗಂಟೆಗೆ 70. ಹೊಸ ಕಡೆ 208 ಗಂಟೆಗೆ 14,960, ಅಂದರೆ 72. ಗಂಟೆಯ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆಗ ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ ಒಂದೇ ಉಳಿಯುತ್ತದೆ: ಬಾಡಿಗೆ, ಸಂಘದ ಕಂತು, ಮಕ್ಕಳ ಫೀಸು ಎಲ್ಲಾ ಕಳೆದು 5,600 ಕಡಿಮೆಯಲ್ಲಿ ಸಂಸಾರ ತೂಗುತ್ತದೆಯೇ? ಬಾಕಿ ಸಾಲ ಮುಗಿಯಲು ಇನ್ನಾರು ತಿಂಗಳಿದ್ದರೆ ಅಲ್ಲಿಯವರೆಗೆ ತಡೆದುಕೊಳ್ಳುವುದೂ ಒಂದು ಉತ್ತರವೇ.

ಪಾಸ್‌ಬುಕ್‌ನಲ್ಲಿ ನಡುನಡುವೆ ತಿಂಗಳುಗಳು ಮಾಯವಾಗಿದ್ದರೆ ಪಗಾರ ಚೀಟಿಯ ಜತೆ ಹೋಲಿಸಿ. ಚೀಟಿಯಲ್ಲಿ ಕಡಿತವಾಗಿದೆ, ಪಾಸ್‌ಬುಕ್‌ಗೆ ಬಂದಿಲ್ಲ ಎಂದರೆ ರಾಜೀನಾಮೆ ಕೊಡುವ ಮುಂಚೆಯೇ ಸರಿಮಾಡಿಸಿಕೊಳ್ಳಬೇಕು. ಕೆಲಸದಲ್ಲಿ ಇರುವಷ್ಟು ದಿನ ಕಾಂಟ್ರಾಕ್ಟರ್ ಫೋನ್ ಎತ್ತುತ್ತಾನೆ. ಕಾಂಟ್ರಾಕ್ಟರ್ ಕಟ್ಟದೆ ಬಿಟ್ಟರೆ ಕಾನೂನಿನ ಪ್ರಕಾರ ಆ ಹೊಣೆ ಮೂಲ ಮಾಲೀಕರ ಮೇಲೆ, ಅಂದರೆ ಕಾರ್ಖಾನೆಯ ಮೇಲೆ ಬೀಳುತ್ತದೆ. ಆದ್ದರಿಂದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರ ವಿಭಾಗಕ್ಕೇ ಬರಹದಲ್ಲಿ ದೂರು ಕೊಡಬಹುದು.

ಒಂದು ಕೊರತೆ: ಕೆಲವು ದೊಡ್ಡ ಕಂಪನಿಗಳು ಸ್ವಂತ ಪಿಎಫ್ ಟ್ರಸ್ಟ್ ನಡೆಸುತ್ತವೆ. ಅಂಥವರಿಗೆ ಈ ಪಾಸ್‌ಬುಕ್‌ನಲ್ಲಿ ಪಿಎಫ್ ಹಣ ಕಾಣುವುದಿಲ್ಲ. ಲೆಕ್ಕವನ್ನು ಕಂಪನಿಯಿಂದಲೇ ಕೇಳಿ ಪಡೆಯಬೇಕು.

ಎಸ್ಟಾಬ್ಲಿಷ್‌ಮೆಂಟ್ ಸರ್ಚ್: ಯಾರೂ ತೆರೆಯದ ಪುಟ

ಈ ಸೇವೆಯ ನಿಜವಾದ ಬೆಲೆ ಇಲ್ಲಿದೆ. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಗಳನ್ನು ಹುಡುಕುವ ಪುಟವೊಂದಿದೆ. ಲಾಗಿನ್ ಬೇಕಿಲ್ಲ. ಕಂಪನಿಯ ಹೆಸರನ್ನೋ 7 ಅಂಕಿಯ ಸಂಸ್ಥೆ ಕೋಡನ್ನೋ ಹಾಕಿ, ಕ್ಯಾಪ್ಚಾ ತುಂಬಿದರೆ ವಿಳಾಸ ಬರುತ್ತದೆ, ಯಾವ ಪಿಎಫ್ ಕಚೇರಿಗೆ ಸೇರಿದ್ದೆಂಬುದೂ ಬರುತ್ತದೆ. ಅಲ್ಲಿಂದ ‘ವ್ಯೂ ಪೇಮೆಂಟ್ ಡೀಟೇಲ್ಸ್’ ಒತ್ತಿದರೆ ಆ ಕಂಪನಿ ಯಾವ ತಿಂಗಳ ಪಿಎಫ್ ಅನ್ನು ಯಾವ ತಾರೀಖಿಗೆ, ಎಷ್ಟು ಜನರಿಗೆ, ಎಷ್ಟು ಕಟ್ಟಿದೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಎಂಟರ್‌ಪ್ರೈಸಸ್, ಎಂಜಿನಿಯರಿಂಗ್ ವರ್ಕ್ಸ್ ಎಂಬ ಹೆಸರುಗಳಲ್ಲಿ ಹತ್ತಾರು ಕಾಂಟ್ರಾಕ್ಟರುಗಳು ಸಿಗುವುದರಿಂದ ಹೆಸರಿನಿಂದ ಹುಡುಕುವುದು ತಲೆನೋವು. ಅಲ್ಲಿ ಈಗಾಗಲೇ ದುಡಿಯುತ್ತಿರುವವರ ಪಗಾರ ಚೀಟಿಯಲ್ಲಿ 22 ಅಕ್ಷರ-ಅಂಕಿಗಳ ಮೆಂಬರ್ ಐಡಿ, ಅಂದರೆ ಆ ಕಂಪನಿಯಲ್ಲಿನ ಪಿಎಫ್ ಖಾತೆಯ ಸಂಖ್ಯೆ ಇರುತ್ತದೆ. ಮೊದಲ 5 ಅಕ್ಷರ ಬಿಟ್ಟು ಮುಂದಿನ 7 ಅಂಕಿಯೇ ಸಂಸ್ಥೆಯ ಕೋಡ್.

ಮೊದಲು ತಾರೀಖು ನೋಡಿ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ತಡ ಮಾಡಿದರೆ ವರ್ಷಕ್ಕೆ ಶೇ 12 ಬಡ್ಡಿ, ಮೇಲೆ ದಂಡ. ಆದರೂ ಏಪ್ರಿಲ್‌ನದು ಆಗಸ್ಟ್‌ನಲ್ಲಿ, ಮೇ ತಿಂಗಳದ್ದು ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದಾರೆ ಎಂದರೆ ಅವರ ಕೈಯಲ್ಲಿ ಹಣ ಓಡಾಡುತ್ತಿಲ್ಲ. ಪಿಎಫ್ ತಡವಾಗುವ ಕಡೆ ಪಗಾರವೂ ತಡವಾಗುವ ಸಂಭವ ಹೆಚ್ಚು.

ಆಮೇಲೆ ತಲೆ ಎಣಿಕೆ. 140 ಇದ್ದದ್ದು ಎರಡು ತಿಂಗಳಲ್ಲಿ 60ಕ್ಕೆ ಇಳಿದಿದ್ದರೆ ಒಂದೋ ಕಾಂಟ್ರಾಕ್ಟ್ ಕೈತಪ್ಪಿದೆ, ಇಲ್ಲವೇ ಜನ ಬಿಟ್ಟುಹೋಗಿದ್ದಾರೆ. ಆದರೆ ಅವಸರದಲ್ಲಿ ತೀರ್ಮಾನಕ್ಕೆ ಬರಬೇಡಿ. ನಮ್ಮ ಕಡೆ ದುರಸ್ತಿಗೆಂದು ಘಟಕ ನಿಲ್ಲಿಸುವ ಶಟ್‌ಡೌನ್ ಕೆಲಸಕ್ಕೆ ಒಂದು ತಿಂಗಳ ಮಟ್ಟಿಗೆ ನೂರು ಜನರನ್ನು ತುಂಬಿಕೊಂಡು, ಮುಗಿದ ಮೇಲೆ ಕಳಿಸುವುದು ರೂಢಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಸಂಖ್ಯೆ ಭತ್ತದ ಸುಗ್ಗಿಗೆ ತಕ್ಕಂತೆ ಏರಿಳಿಯುತ್ತದೆ. ಕನಿಷ್ಠ 18 ತಿಂಗಳ ಸಾಲುಗಳನ್ನು ನೋಡಿ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಬೇಕು. ಒಂದೇ ತಿಂಗಳಿಗೆ ಎರಡು ಮೂರು ಸಾಲು ಕಂಡರೆ ಗಾಬರಿ ಬೇಡ. ಬಿಟ್ಟುಹೋದ ಒಂದಿಬ್ಬರ ಲೆಕ್ಕವನ್ನು ಆಮೇಲೆ ಸೇರಿಸಿರುತ್ತಾರೆ.

ಪಗಾರದ ಅಂದಾಜೂ ಇಲ್ಲೇ ಸಿಗುತ್ತದೆ. ಎರಡೂ ಪಾಲು ಸೇರಿ ಶೇ 24, ವಿಮೆಗೆ ಶೇ 0.5, ಆಡಳಿತ ಶುಲ್ಕ ಶೇ 0.5. ಒಟ್ಟು ಪಗಾರದ ಕಾಲು ಭಾಗ. ಕಟ್ಟಿದ ಮೊತ್ತವನ್ನು ತಲೆ ಎಣಿಕೆಯಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಸರಾಸರಿ ಪಿಎಫ್ ಪಗಾರ ಸಿಗುತ್ತದೆ. 200 ಜನರಿಗೆ 6 ಲಕ್ಷ ಕಟ್ಟಿದ್ದರೆ ತಲೆಗೆ 3,000, ನಾಲ್ಕರಿಂದ ಗುಣಿಸಿದರೆ 12,000. ‘ನಮ್ಮಲ್ಲಿ ಹೆಲ್ಪರ್‌ಗೂ 18 ಸಾವಿರ ಬೇಸಿಕ್’ ಎಂದ ಎಚ್‌ಆರ್ ಮಾತಿಗೂ ಈ 12,000ಕ್ಕೂ ತಾಳೆಯಾಗದಿದ್ದರೆ ಆಫರ್ ಲೆಟರಿನಲ್ಲಿ ಮೂಲವೇತನ ಎಷ್ಟೆಂದು ಬರೆಸಿಕೊಳ್ಳದೆ ಹೆಜ್ಜೆ ಇಡಬೇಡಿ.

ಜನರ ಸಂಖ್ಯೆಯ ಮೇಲೆ ಒತ್ತಿದರೆ ಆ ತಿಂಗಳ ಸದಸ್ಯರ ಹೆಸರಿನ ಪಟ್ಟಿ ಬರುತ್ತದೆ. ಯಾರು ಎಲ್ಲಿ ದುಡಿಯುತ್ತಾರೆ ಎಂಬುದು ಹೀಗೆ ಬೀದಿಗೆ ಬೀಳಬಾರದು. ಖಾಸಗಿತನದ ದೃಷ್ಟಿಯಿಂದ ಇದು ಪೋರ್ಟಲ್‌ನ ದೊಡ್ಡ ತಪ್ಪು. ಆದರೆ ಅದು ಇರುವಷ್ಟು ದಿನ ಕೆಲಸ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಕಳೆದ ವರ್ಷದ ಒಂದು ತಿಂಗಳ ಪಟ್ಟಿಯನ್ನೂ ಈ ವರ್ಷದ ಅದೇ ತಿಂಗಳದ್ದನ್ನೂ ಪಕ್ಕಪಕ್ಕ ಇಡಿ. ಅರ್ಧಕ್ಕರ್ಧ ಹೆಸರು ಬದಲಾಗಿದ್ದರೆ ಅಲ್ಲಿ ಜನ ನಿಲ್ಲುತ್ತಿಲ್ಲ. ಒಂದು ಒತ್ತಡ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದರ ಬಾಯಿಗೆ ಬೀಳುವುದು ಹೀಗೆಯೇ. ನಿಮ್ಮ ಈಗಿನ ಕಂಪನಿಗೂ ಇದೇ ಪರೀಕ್ಷೆ ಮಾಡಿ ನೋಡಿ, ಕೆಲವೊಮ್ಮೆ ಹೊಸದಕ್ಕಿಂತ ಹಳೆಯದೇ ವಾಸಿ ಎನ್ನಿಸಬಹುದು. ಇನ್ನೊಂದು ಮಾತು: ಇದೇ ಪಟ್ಟಿಯನ್ನು ಹೊಸ ಕಂಪನಿಯವರೂ ನೋಡುತ್ತಾರೆ. ದುಡಿಯದ ಕಡೆಯ ಅನುಭವ ಪತ್ರ ತೋರಿಸುವವರು ಇಲ್ಲಿಯೇ ಸಿಕ್ಕಿಬೀಳುವುದು.

ಹುಡುಕಿದಾಗ ಹೆಸರೇ ಬರದಿದ್ದರೆ ಮೋಸ ಎಂದುಕೊಳ್ಳಬೇಕಿಲ್ಲ. 20ಕ್ಕಿಂತ ಕಡಿಮೆ ಜನ ಇರುವಲ್ಲಿ ಪಿಎಫ್ ಕಡ್ಡಾಯವಲ್ಲ. ಬಳ್ಳಾರಿಯ ಜೀನ್ಸ್ ಹೊಲಿಗೆಯ ಸಣ್ಣ ಘಟಕಗಳು ಹೀಗೆ ಪಟ್ಟಿಯ ಹೊರಗೇ ಉಳಿಯುತ್ತವೆ. ಆದರೆ ಗೇಟಿನಲ್ಲಿ ನೂರು ಸೈಕಲ್‌ಮೋಟರ್ ನಿಂತಿರುವ ಜಾಗದಲ್ಲಿ ಪಟ್ಟಿ 22 ಹೆಸರು ತೋರಿಸಿದರೆ ಉಳಿದವರಿಗೆ ಪಿಎಫ್ ಯಾಕಿಲ್ಲ ಎಂದು ಕೇಳಲೇಬೇಕು.

ಆಫರ್ ಲೆಟರಿನ 24 ಸಾವಿರ

ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು ಎಂದು ಬರೆದ ಮೊತ್ತದೊಳಗೆ ಮಾಲೀಕರ ಪಿಎಫ್ ಪಾಲೂ ಕೂತಿರುತ್ತದೆ. ಸಿಟಿಸಿ 24,000, ಮೂಲವೇತನ 15,000 ಇದ್ದರೆ ಮಾಲೀಕರ ಪಾಲು 1,800, ಗ್ರಾಚ್ಯುಟಿಗೆಂದು ಶೇ 4.81ರಂತೆ 721 ಕಳೆಯುತ್ತಾರೆ. ಉಳಿದದ್ದು 21,479. ಅದರಲ್ಲಿ ನಿಮ್ಮ ಪಾಲು 1,800 ಹೋದರೆ ಕೈಗೆ 19,679. ಇಎಸ್‌ಐಗೆ ಎಣಿಸುವ ಪಗಾರ 21,000 ದಾಟಿದರೆ ಇಎಸ್‌ಐ ಇಲ್ಲ. ಅಂದರೆ ಹೆಂಡತಿ ಮಕ್ಕಳ ಆಸ್ಪತ್ರೆ ಖರ್ಚಿಗೆ ಇದ್ದ ಆಸರೆಯೂ ಹೋಯಿತು. ಈ ನಷ್ಟ ಪೋರ್ಟಲ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಹೊಸ ಕಂಪನಿ ಆರೋಗ್ಯ ವಿಮೆ ಕೊಡುತ್ತದೆಯೇ, ಮನೆಯವರೂ ಸೇರುತ್ತಾರೆಯೇ ಎಂದು ಕೇಳಿ ಇಟ್ಟುಕೊಳ್ಳಿ.

ಗ್ರಾಚ್ಯುಟಿಯೂ ಪೋರ್ಟಲ್‌ಗೆ ಸೇರದ ವಿಷಯ. ಆದರೆ ‘ಸರ್ವಿಸ್ ಹಿಸ್ಟರಿ’ಯಲ್ಲಿ ಸೇರಿದ ತಾರೀಖು ಇರುತ್ತದೆ. 5 ವರ್ಷ ತುಂಬಿದರೆ ಕೊನೆಯ ಪಗಾರದ 26ರಲ್ಲಿ 15 ಪಾಲು, ವರ್ಷಕ್ಕೆ ಒಂದರಂತೆ. 12,000ಕ್ಕೆ 5 ವರ್ಷಕ್ಕೆ 34,615. ನಾಲ್ಕು ವರ್ಷ ಎರಡು ತಿಂಗಳಿಗೆ ಸಿಟ್ಟಿನಲ್ಲಿ ರಾಜೀನಾಮೆ ಬರೆಯುವವರು ಈ ಮೊತ್ತವನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಬೇಕು. ನಿಗದಿತ ಅವಧಿಯ ನೇಮಕಾತಿ ಇದ್ದವರಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಈ ಹಕ್ಕು ಬರುತ್ತದೆ.

ಬಿಟ್ಟ ಮೇಲೆ: ತೆಗೆಯುವುದು, ವರ್ಗಾಯಿಸುವುದು

ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಪಿಎಫ್ ತೆಗೆದು ಖರ್ಚು ಮಾಡುವುದು ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರೂ ಜಿಲ್ಲೆಗಳ ಗುತ್ತಿಗೆ ಕಾರ್ಮಿಕರಲ್ಲಿ ನಡೆದುಬಂದ ರೂಢಿ. ಗೇಟ್ ಅದೇ, ಕೆಲಸ ಅದೇ, ಮೆಂಬರ್ ಐಡಿ ಮಾತ್ರ ಹೊಸದು. 10ಸಿ ಫಾರಂ ತುಂಬಿ ಪಿಂಚಣಿ ಹಣವನ್ನೂ ತೆಗೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಪಿಂಚಣಿಗೆ 10 ವರ್ಷ ಸೇವೆ ಬೇಕು. ಆರು ತಿಂಗಳು ಮೇಲ್ಪಟ್ಟ ತುಣುಕನ್ನು ಒಂದು ವರ್ಷವೆಂದೇ ಎಣಿಸುವುದರಿಂದ ಒಂಬತ್ತೂವರೆ ವರ್ಷಕ್ಕೇ ಆ ಗಡಿ ದಾಟಬಹುದು. ಪಗಾರ 15,000, ಸೇವೆ 10 ವರ್ಷ ಎಂದರೆ ಎರಡನ್ನೂ ಗುಣಿಸಿ 70ರಿಂದ ಭಾಗಿಸಬೇಕು. 58ರ ನಂತರ ತಿಂಗಳಿಗೆ 2,143 ರೂಪಾಯಿ. ದೊಡ್ಡ ಮೊತ್ತವೇನಲ್ಲ, ಆದರೆ ಸಾಯುವ ತನಕ ಬರುತ್ತದೆ.

5 ವರ್ಷದ ಸತತ ಸೇವೆ ತುಂಬುವ ಮೊದಲು 50,000 ಅಥವಾ ಅದಕ್ಕಿಂತ ಹೆಚ್ಚು ತೆಗೆದರೆ ಶೇ 10 ತೆರಿಗೆ ಹಿಡಿಯುತ್ತಾರೆ. ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಆ 5 ವರ್ಷಕ್ಕೆ ಸೇರುತ್ತದೆ. ಪಿಎಫ್ ದುಡ್ಡಿನಲ್ಲಿ ನಾಲ್ಕು ತಿಂಗಳು ಮನೆಯಲ್ಲಿ ಕೂತು ಸುಧಾರಿಸಿಕೊಳ್ಳೋಣ ಎನ್ನುವವರು ಇನ್ನೊಂದು ವಿಷಯ ಗಮನಿಸಬೇಕು. 2025ರ ಅಕ್ಟೋಬರ್ 13ರ ಸಭೆಯಲ್ಲಿ ಇಪಿಎಫ್‌ಒದ ಕೇಂದ್ರ ಟ್ರಸ್ಟಿಗಳ ಮಂಡಳಿ ಶೇ 25ರಷ್ಟು ಹಣ ಖಾತೆಯಲ್ಲೇ ಉಳಿಯಬೇಕು, ಪೂರ್ತಿ ತೆಗೆಯಲು 2 ತಿಂಗಳ ಬದಲು 12 ತಿಂಗಳು, ಪಿಂಚಣಿ ಹಣಕ್ಕೆ 36 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿದೆ. ಹಾಗಾಗಿ ಮನೆ ಖರ್ಚಿನ ಲೆಕ್ಕವನ್ನು ಖಾತೆಯಲ್ಲಿರುವ ಹಣದ ಮುಕ್ಕಾಲು ಭಾಗದ ಮೇಲೆ ಹಾಕುವುದೇ ಕ್ಷೇಮ. ತೆಗೆಯದೆ ಬಿಟ್ಟರೂ ಬಡ್ಡಿ ನಿಲ್ಲುವುದಿಲ್ಲ. 2024-25ಕ್ಕೆ ಸಿಕ್ಕಿದ್ದು ಶೇ 8.25.

ವರ್ಗಾವಣೆ ಸುಲಭವಾಗಿದೆ ಎನ್ನುವುದು ಅರ್ಧ ನಿಜ. ‘ಆನ್‌ಲೈನ್ ಸರ್ವಿಸಸ್’ ಒಳಗೆ ‘ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್’ ಆರಿಸಿ, ಹಳೆಯ ಐಡಿ ತೋರಿಸಿ, ಒಟಿಪಿ ಕೊಟ್ಟರೆ ಅರ್ಜಿ ಹೋಗುತ್ತದೆ. 2017ರ ಅಕ್ಟೋಬರ್ 1ರ ನಂತರ ಸಿಕ್ಕ, ಆಧಾರ್ ಜೋಡಿಸಿದ ಯುಎಎನ್‌ಗಳಿಗೆ 2025ರ ಜನವರಿಯಿಂದ ಬಹುತೇಕ ಸಂದರ್ಭಗಳಲ್ಲಿ ಮಾಲೀಕರ ಒಪ್ಪಿಗೆಯೂ ಬೇಕಿಲ್ಲ. ಎಡವುವುದು ಮೂರು ಕಡೆ.

ಒಂದು, ಹೆಸರು. ಗವಿಸಿದ್ದಪ್ಪ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಕೊಪ್ಪಳದಲ್ಲಿ ಎಷ್ಟು ಕೈಯೋ ಅಷ್ಟು ರೀತಿ. ಯಂಕಪ್ಪ ಆಧಾರ್‌ನಲ್ಲಿ ವೆಂಕಪ್ಪನಾಗಿರುತ್ತಾನೆ. ಹುಸೇನ್‌ಸಾಬ್ ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು. ಹುಟ್ಟಿದ ತಾರೀಖು ಶಾಲೆಯ ದಾಖಲೆಯಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1. ‘ಮ್ಯಾನೇಜ್’ ಒಳಗೆ ಇದನ್ನು ತಿದ್ದಬಹುದು. ಆದರೆ ಕೆಲಸದಲ್ಲಿ ಇರುವಾಗಲೇ ತಿದ್ದಿ ಮುಗಿಸಿ. ಮಾಲೀಕರ ಸಹಿ ಬೇಕೇ ಬೇಕು ಎನ್ನುವ ಪ್ರಕರಣಗಳಲ್ಲಿ ಬಿಟ್ಟುಬಂದ ಮೇಲೆ ಆ ಸಹಿ ಸಿಗುವುದು ಕಷ್ಟ.

ಎರಡು, ಬಿಟ್ಟ ತಾರೀಖು. ಕಾಂಟ್ರಾಕ್ಟರ್ ಅದನ್ನು ನಮೂದಿಸದಿದ್ದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ‘ಮಾರ್ಕ್ ಎಕ್ಸಿಟ್’ನಲ್ಲಿ ನೀವೇ ಹಾಕಬಹುದು. ಒಮ್ಮೆ ಹಾಕಿದ್ದನ್ನು ಅಲ್ಲೇ ಬದಲಿಸಲು ಬರುವುದಿಲ್ಲ. ಹೊಸ ಕಡೆ ಸೇರಿದ ತಾರೀಖು ಹಳೆಯದನ್ನು ಬಿಟ್ಟ ತಾರೀಖಿಗಿಂತ ಹಿಂದಿದ್ದರೆ ಸೇವೆ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ. ಅದೊಂದೇ ಕಾರಣಕ್ಕೆ ವರ್ಗಾವಣೆ ತಿರಸ್ಕರಿಸಬಾರದೆಂದು ಇಪಿಎಫ್‌ಒ 2025ರಲ್ಲಿ ಕಚೇರಿಗಳಿಗೆ ಹೇಳಿದೆ. ಆದರೂ ನೋಟಿಸ್ ಅವಧಿ ಮುಗಿಸಿ, ಒಂದು ದಿನವಾದರೂ ಬಿಡುವು ಕೊಟ್ಟು ಸೇರಿದರೆ ಆ ಗೋಜೇ ಇರದು.

ಮೂರು, ಎರಡನೇ ಯುಎಎನ್. ಹೊಸ ಕಡೆ ಸೇರುವಾಗ ‘ಮೊದಲ ಕೆಲಸ’ ಎಂದು ಟಿಕ್ ಹಾಕಿ ಹೊಸ ಸಂಖ್ಯೆ ಮಾಡಿಸಿಕೊಂಡವರು ಆಮೇಲೆ ವರ್ಷಗಟ್ಟಲೆ ಅಲೆಯುತ್ತಾರೆ. ಹಳೆಯ ಸಂಖ್ಯೆಯನ್ನೇ ಕೊಡಿ.

ಕೊಟ್ಟ ಅಂಕ

ಹೊಸ ಕಂಪನಿಯನ್ನು ಅಳೆಯಲು ಐದಕ್ಕೆ ನಾಲ್ಕೂವರೆ, ಪಾಸ್‌ಬುಕ್‌ಗೆ ನಾಲ್ಕು, ವರ್ಗಾವಣೆಗೆ ಎರಡೂವರೆ. ಭಾಷೆಗೆ ಒಂದೇ. ಪೋರ್ಟಲ್‌ನ ಮೆನುಗಳು ಇಂಗ್ಲಿಷ್‌ನಲ್ಲಿವೆ. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಕನ್ನಡ ಆರಿಸಿಕೊಳ್ಳಬಹುದು, 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯಲ್ಲಿ ಎಷ್ಟಿದೆ ಎಂಬ ಸಂದೇಶ ಬರುತ್ತದೆ. ಇಂಗ್ಲಿಷ್ ಬಾರದವರು ಝೆರಾಕ್ಸ್ ಅಂಗಡಿಗೆ ಹೋಗಿ ಪಾಸ್‌ವರ್ಡ್, ಒಟಿಪಿ ಎರಡನ್ನೂ ಒಪ್ಪಿಸಿ, ಮೇಲೆ ಕಮಿಷನ್ ಕೊಟ್ಟು ಬರುವುದು ಈ ಕೊರತೆಯಿಂದಲೇ. ಮೇಲ್ವಿಚಾರಕನ ಬಾಯಿ, ರಾತ್ರಿ ಪಾಳಿಯ ಸರದಿ, ದೂಳು, ಶಾಖ ಇವ್ಯಾವುವೂ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಪಾಳಿ ಬಿಡುವ ಹೊತ್ತಿಗೆ ಹೊಸ ಕಂಪನಿಯ ಗೇಟಿನ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂರಬೇಕು.

ಅರ್ಜಿ ಸಿಕ್ಕಿಹಾಕಿಕೊಂಡರೆ ಮೊದಲು ಇಪಿಎಫ್‌ಐಜಿಎಂಎಸ್ ದೂರು ತಾಣದಲ್ಲಿ ದಾಖಲಿಸಿ ನೋಂದಣಿ ಸಂಖ್ಯೆ ಇಟ್ಟುಕೊಳ್ಳಿ. ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಪಿಎಫ್ ಪ್ರಾದೇಶಿಕ ಕಚೇರಿಗಳಿವೆ. ಆದರೆ ನಿಮ್ಮ ಕಡತ ಎಲ್ಲಿದೆ ಎಂಬುದು ನೀವಿರುವ ಊರಿನಿಂದ ತೀರ್ಮಾನವಾಗುವುದಿಲ್ಲ. ಕಾಂಟ್ರಾಕ್ಟರ್ ಹೈದರಾಬಾದಿನಲ್ಲಿ ನೋಂದಾಯಿಸಿದ್ದರೆ ಕಡತವೂ ಅಲ್ಲೇ. ಮೆಂಬರ್ ಐಡಿಯ ಮೊದಲ ಐದು ಅಕ್ಷರ ಅದನ್ನು ಹೇಳುತ್ತದೆ. ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ. ಹೋಗುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ಕೊನೆಯ ಮೂರು ಪಗಾರ ಚೀಟಿ, ರಾಜೀನಾಮೆ ಸ್ವೀಕರಿಸಿದ ಪತ್ರ, ದೂರಿನ ಸಂಖ್ಯೆ ಕೈಯಲ್ಲಿರಲಿ, ಒಟಿಪಿ ಬರುವ ಸಿಮ್ ಇರುವ ಫೋನನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.